ದಳವಾಯಿ ರುದ್ರಪ್ಪ ಆಚೆ ದಡದಲ್ಲಿ ಸತ್ತದ್ದು

ಕಾಶಿಯಲ್ಲಿ ಸಾಯಬೇಕೆಂದೇ ಜನ ದೂರದೂರದ ಊರುಗಳಿಂದ ರೈಲು ಹತ್ತಿ ಬರುತ್ತಾರೆ. ಬಂದವರು ಸಾಯುತ್ತಾರೆ, ಇಲ್ಲವೇ ಮನಸ್ಸು ಬದಲಾಯಿಸಿ ಎರಡು ಸೀರೆ ಕೊಂಡು ವಾಪಸ್ಸು ಹೋಗುತ್ತಾರೆ. ಎರಡಕ್ಕೂ ಊರು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಥ ಊರಿನಲ್ಲಿ, ಹುಟ್ಟಿಯೇ ಇರದ ಒಬ್ಬ ಮನುಷ್ಯ ಸತ್ತನೆಂದು ಕೇದಾರ ಘಾಟಿನಿಂದ ಕಂಟೋನ್ಮೆಂಟಿನವರೆಗೆ ಕನ್ನಡದವರೆಲ್ಲ ಒಂದು ವಾರ ನೆಮ್ಮದಿಯಾಗಿ ಉಣ್ಣಲಿಲ್ಲ. ಇದಕ್ಕೆ ಕಾರಣ ಕಾಂತೇಶನೇ ಹೊರತು ವಿಶ್ವನಾಥನಲ್ಲ.

ಕಾಂತೇಶ ಹಾವೇರಿ ಕಡೆಯವನು. ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಕರ್ನಾಟಕದ ಮಠವೊಂದರ ಯಾತ್ರಿನಿವಾಸವಿದೆ. ಅದಕ್ಕೆ ಅವನು ಮ್ಯಾನೇಜರ್. ಮ್ಯಾನೇಜರ್ ಎಂಬುದು ಬಾಗಿಲ ಮೇಲಿನ ಹಲಗೆಗೆ ಗೊತ್ತಿದ್ದ ಸಂಗತಿ, ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನು ಕೆಳಗಿನ ಕೋಣೆಯ ಬೀಗದಕೈ ಕೊಡುವಷ್ಟರಲ್ಲಿ ಯಾತ್ರಿಕರು ಮೇಲಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಿರುತ್ತಿದ್ದರು. ಬಿಸಿನೀರು ಮುಗಿಯಿತೆಂದರೆ ಹಂಡೆಯೊಳಗೆ ಬಗ್ಗಿ ನೋಡಿ, ಮುಗಿದದ್ದು ಖಾತ್ರಿಯಾದ ಮೇಲೆ, ಮತ್ತೆ ಕಾಯಿಸಲು ಹೇಳುತ್ತಿದ್ದರು. ಅವನು ಚಪಾತಿ ಅಂದ ದಿನ ಅಡುಗೆಯವನು ಪೂರಿ ಕರಿಯುತ್ತಿದ್ದ. ಮನೆಯಲ್ಲಿ ಹೆಂಡತಿ ಭವಾನಿ ಮಾತ್ರ ಎಲ್ಲದಕ್ಕೂ ಅವನ ಅಭಿಪ್ರಾಯ ಕೇಳುತ್ತಿದ್ದಳು. ಕೇಳಿಟ್ಟುಕೊಂಡರೆ ಯಾವುದನ್ನು ಮಾಡಬಾರದೆಂದು ತಿಳಿಯುತ್ತದಂತೆ.

ಇಂಥವನು ಯಜಮಾನನಾದದ್ದು ಒಂದು ಆಟದಿಂದ. ಮೈಸೂರಿನ ಮೈತ್ರೇಯಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಹಾಸ್ಟೆಲಿನಲ್ಲಿ ಕಲಿತ ಆಟವೊಂದನ್ನು ಪರಿಚಯದ ಕನ್ನಡದವರಿಗೆ ಹಚ್ಚಿದಳು. ಭಾನುವಾರ ಮಧ್ಯಾಹ್ನ ಯಾತ್ರಿಗಳ ಊಟ ಮುಗಿದು ನೆಲ ಒರೆಸಿದ ಮೇಲೆ ಭೋಜನಶಾಲೆಯಲ್ಲಿ ಆಟ ಸೇರುತ್ತಿತ್ತು. ಇದರಲ್ಲಿ ಮಣೆಯಿಲ್ಲ, ಕಾಯಿಗಳಿಲ್ಲ, ಸೋಲು ಗೆಲುವಿಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು, ನನ್ನ ಪಾತ್ರ ಈಗ ಹೀಗೆ ಮಾಡುತ್ತದೆ ಎಂದು ಹೇಳುತ್ತಾರೆ. ಅದರಿಂದ ಏನಾಯಿತು ಎಂದು ಹೇಳುವವರು ಒಬ್ಬರೇ. ಅವರನ್ನು ಇವರು ಆಟದ ಯಜಮಾನ ಅನ್ನುತ್ತಿದ್ದರು. ಆದೀತೋ ಆಗದೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸುವುದು. ದೊಡ್ಡ ಅಂಕಿ ಬಿದ್ದರೆ ಲಾಭ, ಸಣ್ಣದು ಬಿದ್ದರೆ ಪೆಟ್ಟು. ಎಷ್ಟು ಪೆಟ್ಟೆಂಬುದು ಮತ್ತೆ ಯಜಮಾನನ ಬಾಯಲ್ಲೇ ಇರುತ್ತದೆ.

ಮೊದಲು ಮೈತ್ರೇಯಿಯೇ ಯಜಮಾನಿಕೆ ಮಾಡುತ್ತಿದ್ದಳು. ಕಾಂತೇಶ ಚಹಾ ತಂದಿಟ್ಟು ಮೂಲೆಯಲ್ಲಿ ಕೂತು ನೋಡುತ್ತಿದ್ದ. ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂದು, ಇನ್ನು ಮೇಲೆ ನಾನು ಬರೀ ಆಡುತ್ತೇನೆ, ಯಜಮಾನಿಕೆ ಬೇರೆಯವರು ವಹಿಸಿಕೊಳ್ಳಿ ಎಂದು ಅವಳು ಕೇಳಿದಾಗ, ಮೂಲೆಯಿಂದ ಒಂದು ಕೈ ಮೇಲೆದ್ದಿತು. ನಮ್ಮೂರ ಬಯಲಾಟಕ್ಕೆ ಪೂರಾ ಮೇಲ್ವಿಚಾರಣೆ ನಂದೇ ಇತ್ತು, ಇದೇನು ಮಹಾ, ಎಂದ ಕಾಂತೇಶ. ಊರ ಬಯಲಾಟದಲ್ಲಿ ಅವನು ಗ್ಯಾಸ್‌ಬತ್ತಿ ಹಿಡಿಯುತ್ತಿದ್ದ. ಅದು ಭವಾನಿಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವಳು ಅಲ್ಲಿರಲಿಲ್ಲ.

ಮೊದಲ ಭಾನುವಾರ ಅವನು ಹೆದರಿಕೆಯಿಂದಲೇ, ಮಳೆ ಬಂತು, ಅಂದ. ಮೂವರು ವಿದ್ಯಾವಂತರು ಓಡಿ ಹೋಗಿ ಮರದ ಕೆಳಗೆ ನಿಂತೆವು ಅಂದರು. ಮಳೆ ನಿಂತಿತು, ಅಂದ. ಹೊರಗೆ ಬಂದರು. ಮನುಷ್ಯ ಒಂದು ಮಾತು ಆಡಿದರೆ ಅದು ನಡೆಯುತ್ತದೆ ಎಂಬುದನ್ನು ಕಾಂತೇಶ ಆ ದಿನ ಜೀವನದಲ್ಲಿ ಮೊದಲ ಸಲ ಕಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಕಾಂತೇಶ ಹಗಲಿನಲ್ಲೇ ಹಿಡಿದ. ಅದಕ್ಕೇ ಅಂತ ಒಂದು ಶಾಲು ಇಟ್ಟುಕೊಂಡ.

ಆಡುವ ಮೂವರಲ್ಲಿ ಮೈತ್ರೇಯಿಯ ಪಾತ್ರ ಒಬ್ಬ ವೈದ್ಯೆಯದು. ತುಮಕೂರಿನ ಗುರುಪ್ರಕಾಶರು ಕಾನೂನು ಕಲಿಸುವವರು, ಅವರ ಪಾತ್ರ ಒಬ್ಬ ಕಳ್ಳ. ಮೂರನೆಯವರು ಡಾಕ್ಟರ್ ಜಗದಾಂಬ. ದಾವಣಗೆರೆಯ ಈಕೆ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ ನಡೆಸಿ ಈಚೆಗೆ ನಿವೃತ್ತರಾದವರು. ಕಾಶಿಯ ಕನ್ನಡದ ಮಕ್ಕಳಲ್ಲಿ ಅರ್ಧ ಜನ ಮೊದಲ ಸಲ ಅತ್ತದ್ದು ಈಕೆಯ ಕೈಯಲ್ಲೇ. ದೊಡ್ಡವರಾದ ಮೇಲೂ ಎದುರಿಗೆ ಸಿಕ್ಕರೆ ಅವರಿಗೆ ಅಳು ಬರುತ್ತಿತ್ತು. ಈಕೆ ಹೇಳಿದ್ದಕ್ಕೆ ಇಲ್ಲವೆಂದವರನ್ನು ಊರು ಕಂಡಿರಲಿಲ್ಲ. ಈಕೆಯ ಪಾತ್ರ ದಳವಾಯಿ ರುದ್ರಪ್ಪ. ಹುರಿಮೀಸೆ, ಆರಡಿ ಎತ್ತರ, ದಕ್ಷಿಣದಿಂದ ಬರುವ ಯಾತ್ರಿಕರಿಗೆ ದಾರಿಗಾವಲು. ಹುಲಿಯ ಜತೆ ಕುಸ್ತಿ ಮಾಡಿದರೂ ಅವನ ಮೀಸೆಯ ಒಂದು ಕೂದಲು ಕೊಂಕಿರಲಿಲ್ಲ, ಏಕೆಂದರೆ ಆಗ ಯಜಮಾನಿಯಾಗಿ ಹುಲಿಯನ್ನು ಆಡಿಸುತ್ತಿದ್ದ ಮೈತ್ರೇಯಿಗೂ ಡಾಕ್ಟರಮ್ಮನೆಂದರೆ ಭಯವಿತ್ತು.

ಆ ಭಾನುವಾರ ಹಲ್ಲು ಕಟಕಟಿಸುವ ಚಳಿ. ಭವಾನಿ ಕಳಿಸಿದ್ದ ಚೂಡಾ-ಮಟರ್ ಎಲ್ಲರ ಮುಂದಿತ್ತು. ನಮ್ಮ ಒಗ್ಗರಣೆ ಅವಲಕ್ಕಿಗೆ ಹಸಿ ಬಟಾಣಿ ಬಿದ್ದರೆ ಇಲ್ಲಿಯವರು ಹಾಗನ್ನುತ್ತಾರೆ. ಆಟದಲ್ಲಿ ಡಕಾಯಿತರ ಸರದಾರನೊಬ್ಬ ಯಾತ್ರಿಕರ ಗಂಟು ಕದ್ದು ದೋಣಿ ಹತ್ತಿ ಗಂಗೆಯ ಆಚೆ ದಡಕ್ಕೆ ಪರಾರಿಯಾದ. ದಳವಾಯಿ ಒಬ್ಬನೇ ಬೆನ್ನಟ್ಟಿದ. ಆಚೆ ಬರೀ ಮರಳು, ಕಾಲು ಹೂಳುತ್ತದೆ, ದಿಬ್ಬದ ಹಿಂದೆ ಬಿಲ್ಲು ಹಿಡಿದವರಿದ್ದಾರೆ ಎಂದು ಕಾಂತೇಶ ಮತ್ತೆ ಮತ್ತೆ ಎಚ್ಚರಿಸಿದ. ಗುರುಪ್ರಕಾಶರ ಕಳ್ಳ ಈಚೆ ದಡದಿಂದ, ಬಿಟ್ಟುಬಿಡಿ ದಳವಾಯಿಗಳೇ, ನಾಳೆ ನಾನೇ ಕದ್ದು ತಂದುಕೊಡುತ್ತೇನೆ ಎಂದು ಕೂಗಿದ. ಜಗದಾಂಬ ಇಬ್ಬರನ್ನೂ ಲೆಕ್ಕಿಸಲಿಲ್ಲ. ದೋಣಿ ಮರಳಿಗೆ ತಾಗಿತು, ದಳವಾಯಿ ಹಾರಿ ಇಳಿದ, ಓಡಿದ, ಎಂದು ಹೇಳಿ ದಾಳ ಉರುಳಿಸಿದರು. ಒಂದು ಬಿತ್ತು. ಪ್ರಾಣ ಉಳಿಸಿಕೊಳ್ಳಲು ಇನ್ನೊಂದು ಸಲ ಉರುಳಿಸುವ ಅವಕಾಶ ನಿಯಮದಲ್ಲಿದೆ. ಉರುಳಿಸಿದರು. ಮತ್ತೂ ಒಂದೇ ಬಿತ್ತು.

ಆಗ ಕಾಂತೇಶ ಗಾಯವಾಯಿತು ಅನ್ನಬಹುದಿತ್ತು. ಬಾಣ ಗುರಾಣಿಗೆ ತಾಗಿತು ಅನ್ನಬಹುದಿತ್ತು. ಹೆಗಲ ಮೇಲೆ ಶಾಲಿತ್ತು, ಬಾಯಲ್ಲಿ ಅಧಿಕಾರವಿತ್ತು.

"ಬಾಣ ಎದಿಗೆ ನಾಟ್ತು," ಅಂದ. "ದಳವಾಯಿ ರುದ್ರಪ್ಪ ಸತ್ತ."

ಗುರುಪ್ರಕಾಶರ ಕೈಯಲ್ಲಿನ ಚಮಚ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ಜಗದಾಂಬ ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಹಾಕಿಕೊಂಡರು. ಮರಳ ಮೇಲೇನಾ, ಎಂದು ಕೇಳಿದರು. ಹೌದ್ರಿ, ಮರಳ ಮ್ಯಾಲೆ, ಎಂದ ಕಾಂತೇಶ. ಆಕೆ ಎದ್ದು, ಚೂಡಾ-ಮಟರ್ ಅರ್ಧಕ್ಕೇ ಬಿಟ್ಟು, ಮೆಟ್ಟಿಲಿಳಿದು ಹೋದರು.

ಸುದ್ದಿ ಕಾಂತೇಶನಿಗಿಂತ ಮೊದಲು ಅವನ ಮನೆ ಮುಟ್ಟಿತ್ತು. ಅವನು ಒಳಗೆ ಕಾಲಿಡುತ್ತಲೇ, ಹತ್ತನೇ ಇಯತ್ತೆ ಓದುವ ಮಗಳು ನೀಲಾ ಪುಸ್ತಕದಿಂದ ತಲೆಯೆತ್ತಿ, "ಪಾಪಾ, ಸಚ್ ಮೇಂ ಮಾರ್ ಡಾಲಾ?" ಎಂದು ಕೇಳಿದಳು. ಭವಾನಿ ಅವಳನ್ನು ಸುಮ್ಮನಿರಿಸಿ, ಒಲೆಯ ಮುಂದಿನಿಂದಲೇ ವಿಚಾರಣೆ ನಡೆಸಿದಳು.

"ಈ ಕೂಸು ಅಡ್ಡ ತಿರುಗಿದಾಗ ಇಡೀ ರಾತ್ರಿ ಕುಂತು ನಮ್ಮಿಬ್ಬರನ್ನೂ ಉಳಿಸಿದಾಕಿ ಆಕಿ. ಅಂಥಾಕಿ ಮನಿಷಾನ್ನ ನೀವು ಕೊಂದು ಬಂದ್ರಿ?"

ಅವನು ಮನುಷ್ಯನಲ್ಲ, ಪಾತ್ರ, ದಾಳ ಎರಡು ಸಲ ಒಂದು ತೋರಿಸಿತು, ನಾನೇನು ಮಾಡಲಿ ಎಂದು ಕಾಂತೇಶ ವಾದಿಸಿದ. ದಾಳಕ್ಕೆ ಬಾಯಿಲ್ಲ, ನಿಮಗಿತ್ತು, ಅಂದಳು ಭವಾನಿ. ಕಾಂತೇಶ ಶಾಲು ಬಿಚ್ಚಿ ಗೂಟಕ್ಕೆ ಹಾಕಿದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗುರುಪ್ರಕಾಶರಿಗೆ ತಮಾಷೆ ಮಾಡುವ ಚಟ. ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ, ನಮ್ಮೆಲ್ಲರ ಪ್ರೀತಿಯ ದಳವಾಯಿ ರುದ್ರಪ್ಪನವರು ಈ ಮಧ್ಯಾಹ್ನ ಗಂಗೆಯ ಆಚೆ ದಡದಲ್ಲಿ ಅಕಾಲಿಕವಾಗಿ ಅಗಲಿದರು, ಡಾಕ್ಟರ್ ಜಗದಾಂಬ ಅವರಿಗೆ ದುಃಖ ಭರಿಸುವ ಶಕ್ತಿ ಬರಲಿ, ಎಂದು ಹಾಕಿದರು. ಗುಂಪಿನಲ್ಲಿ ಆಟದ ಸುದ್ದಿ ಗೊತ್ತಿದ್ದವರು ನಾಲ್ಕೇ ಜನ. ಉಳಿದವರೆಲ್ಲ ಓಂ ಶಾಂತಿ ಹಾಕತೊಡಗಿದರು. ಸಾರನಾಥದ ಒಬ್ಬರು ಉರಿಯುವ ದೀಪದ ಚಿತ್ರ ಕಳಿಸಿದರು. ಕಂಟೋನ್ಮೆಂಟಿನಲ್ಲಿ ಹೋಟೆಲ್ ನೋಡಿಕೊಳ್ಳುವ ಪ್ರಭುಲಿಂಗಯ್ಯ, ರುದ್ರಪ್ಪನವರು ಬಹಳ ಸಜ್ಜನರು, ಕಳೆದ ತಿಂಗಳು ನಮ್ಮಲ್ಲೇ ಚಹಾ ಕುಡಿದಿದ್ದರು, ಸಕ್ಕರೆ ಹಾಕಿಕೊಳ್ಳಲಿಲ್ಲ, ಎಂದು ಬರೆದರು. ಇದನ್ನು ಓದಿ ಇನ್ನೂ ಇಬ್ಬರಿಗೆ ರುದ್ರಪ್ಪನವರ ಜತೆಗಿನ ತಮ್ಮ ಒಡನಾಟ ನೆನಪಾಯಿತು. ಹುಟ್ಟದೆಯೂ ಇಷ್ಟು ಒಳ್ಳೆಯ ಹೆಸರು ತೆಗೆದವರು ಕಡಿಮೆ.

ಮರುದಿನ ಸೋಮವಾರ. ಪ್ರತಿ ಸೋಮವಾರ ಮಠದ ಪೂಜೆಗೆ ತಪ್ಪದೆ ಬರುತ್ತಿದ್ದ ಜಗದಾಂಬ ಬರಲಿಲ್ಲ. ಮಠದ ಪಾರುಪತ್ಯ ನೋಡುವ ಹಿರಿಯರು ಗುರುಪಾದಯ್ಯನವರು. ಎಲ್ಲರಿಗೂ ಅವರು ಅಜ್ಜಾರು. ಅವರು ಕಾಂತೇಶನನ್ನು ಕರೆಸಿ, ಡಾಕ್ಟರಮ್ಮನ ಕಡೆಯ ಹಿರಿಯರು ತೀರಿಕೊಂಡರೆ ನನಗೊಂದು ಮಾತು ಹೇಳಬೇಡವೇ, ನಮ್ಮವರನ್ನು ಸುಡುವ ರೂಢಿಯಿಲ್ಲ, ಮಠದ ಜಾಗದಲ್ಲೇ ಮಣ್ಣು ಮಾಡೋಣ, ಬೆಳಿಗ್ಗೆಯೇ ಇಬ್ಬರನ್ನು ಕಳಿಸಿ ಕುಣಿ ತೋಡಿಸಿದ್ದೇನೆ, ದೇಹ ಎಷ್ಟು ಹೊತ್ತಿಗೆ ಬರುತ್ತದೆ, ಎಂದು ಕೇಳಿದರು.

ಕಾಂತೇಶ ಕೂತಲ್ಲೇ ಕರಗಿಹೋದ. ದೇಹ ಬರುವುದಿಲ್ಲ, ದೇಹ ಇಲ್ಲವೇ ಇಲ್ಲ, ಎಂದು ಶುರು ಮಾಡಿ ಆಟ, ದಾಳ, ಮರಳು, ಬಾಣ ಎಲ್ಲವನ್ನೂ ಒಪ್ಪಿಸಿದ. ಅಜ್ಜಾರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಬೈಯುತ್ತಾರೆಂದು ಕಾಂತೇಶ ಅಂದುಕೊಂಡಿದ್ದ, ಆದರೆ ಅವರು ಒಂದೇ ಪ್ರಶ್ನೆ ಹಾಕಿದರು.

"ಕೊಂದಾವ ಯಾರು ತಮ್ಮಾ? ನೀನೋ, ದಾಳಾನೋ?"

"ದಾಳ ಒಂದು ತೋರಿಸ್ತು ಅಜ್ಜಾರ. ಸತ್ತ ಅಂದಾವ ನಾನು."

"ಹಂಗಾರ ಹೊಣಿ ನಿಂದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡೂಕಿಂತ ಮೊದಲ ವಿಚಾರ ಮಾಡಬೇಕಿತ್ತು. ಈಗ ಮೊದಲ ಆ ಕುಣಿಗೊಂದು ದಾರಿ ಮಾಡು. ತೋಡಿದ ಕುಣಿ ಬರಿದ ಮುಚ್ಚಬಾರದು."

ಕಾಂತೇಶ ಹೋಗಿ ಒಂದು ಬಿಲ್ವದ ಸಸಿ ತಂದು ಅದರಲ್ಲಿ ನೆಟ್ಟ. ಆರಡಿ ಆಳದ ಕುಣಿಯಲ್ಲಿ ಗೇಣುದ್ದದ ಸಸಿ ನೆಡಬೇಕಾದರೆ ಎಷ್ಟು ಮಣ್ಣು ತುಂಬಬೇಕೆಂಬುದನ್ನು ತುಂಬಿದವರೇ ಬಲ್ಲರು.

ಅಲ್ಲಿಂದ ಮುಂದೆ ವಾರವಿಡೀ ಅವನಿಗೆ ಬಿಡುವಿಲ್ಲ. ಆಟದ ಸಂಗತಿ ಬಾಯಿಂದ ಬಾಯಿಗೆ ಹರಡಿ, ತಿಳಿದವರೆಲ್ಲರದೂ ಒಂದೇ ಅಹವಾಲು: ರುದ್ರಪ್ಪನನ್ನು ಬದುಕಿಸು, ಡಾಕ್ಟರಮ್ಮ ಕೊರಗುತ್ತಿದ್ದಾರೆ. ಆಕೆ ಫೋನು ಎತ್ತುತ್ತಿರಲಿಲ್ಲ. ಆಕೆ ಸಂಜೆ ಘಾಟಿನ ಮೆಟ್ಟಿಲ ಮೇಲೆ ಒಬ್ಬರೇ ಕೂತು ಆಚೆ ದಡವನ್ನೇ ನೋಡುತ್ತಿದ್ದರೆಂದು ಇಡ್ಲಿ ಹೋಟೆಲಿನವರು ಹೇಳಿದರು. ಅಡುಗೆಯವನೂ ಕೇಳಿದ, ಅವನ ಹೆಂಡತಿಗೂ ಎರಡು ಹೆರಿಗೆ ಮಾಡಿಸಿದ್ದು ಆಕೆಯೇ. ಕಾಂತೇಶನ ಸಾರಿಗೆ ಮಾತ್ರ ಉಪ್ಪು ಹಾಕುವುದನ್ನು ಅವನು ಮರೆಯತೊಡಗಿದ.

ಗುರುಪ್ರಕಾಶರು ತಮ್ಮ ತಮಾಷೆಯ ಪಾಪ ತೊಳೆದುಕೊಳ್ಳಲು ವಕೀಲಿಕೆಗಿಳಿದರು. ಕಾಂತೇಶನನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು, ದೇಹದ ಪರೀಕ್ಷೆಯಾಗಿಲ್ಲ, ಪ್ರತ್ಯಕ್ಷದರ್ಶಿಯಾದ ಕಳ್ಳ ಈಚೆ ದಡದಲ್ಲಿದ್ದ, ಆದ್ದರಿಂದ ಮರಣ ಸಾಬೀತಾಗಿಲ್ಲ, ತೀರ್ಪನ್ನು ಮರುಪರಿಶೀಲಿಸಬೇಕು ಎಂದು ವಾದಿಸಿದರು. ಚಹಾದವನು, ಕಾಶಿ ಮೇಂ ಜೋ ಮರಾ ಸೋ ತರಾ, ಇಲ್ಲಿ ಸತ್ತವನು ದಾಟಿಬಿಟ್ಟ, ಬಿಡಿ ಬಾಬೂಜಿ, ಎಂದು ನಡುವೆ ಸಮಾಧಾನ ಹೇಳಿ ತನ್ನ ಪಾಡಿಗೆ ಹಾಲು ಕಾಯಿಸಿದ.

ಕಾಂತೇಶ ಬಗ್ಗಲಿಲ್ಲ. ಬಗ್ಗಲು ಮನಸ್ಸಿಲ್ಲದೆ ಅಲ್ಲ, ಬಗ್ಗಿದರೆ ಏನು ಉಳಿಯುತ್ತದೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಈ ಭೂಮಿಯ ಮೇಲೆ ಅವನ ಮಾತು ನಡೆಯುತ್ತಿದ್ದ ಜಾಗ ಅದೊಂದೇ, ಭಾನುವಾರದ ಆ ಭೋಜನಶಾಲೆ. ಸತ್ತವನನ್ನು ಎಬ್ಬಿಸಿದರೆ ಇನ್ನು ಅವನು ಮಳೆ ಬಂತು ಅಂದರೂ ಯಾರೂ ಮರದ ಕೆಳಗೆ ನಿಲ್ಲುವುದಿಲ್ಲ. ಹಾಗೆಂದು ಮೈತ್ರೇಯಿಯ ಬಳಿ ಹೇಳಿಕೊಂಡ. ಯಜಮಾನರ ಮಾತೇ ಕೊನೆ ಎಂದು ಅವಳೂ ಒಪ್ಪಿದಳು.

"ಆದ್ರೆ ಸರ್," ಎಂದಳು ಮೆಲ್ಲಗೆ, "ಆ ಮಾತು ಕೇಳೋಕೆ ಎದುರಿಗೆ ಯಾರಾದ್ರೂ ಕೂತಿರಬೇಕಲ್ವಾ? ಮೇಡಂ ಬರಲ್ಲ ಅಂದ್ರೆ ಗುರುಪ್ರಕಾಶ್ ಸರ್ ಬರಲ್ಲ. ಆಮೇಲೆ ನಾವಿಬ್ರೇ."

ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮಾತು ಹಿಂತೆಗೆದುಕೊಂಡರೆ ಯಜಮಾನಿಕೆ ಹೋಗುತ್ತದೆ, ತೆಗೆದುಕೊಳ್ಳದಿದ್ದರೆ ಆಟವೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಗಳನ್ನು ಉಳಿಸಿಕೊಟ್ಟ ಹೆಂಗಸು ತನ್ನ ಒಂದು ಮಾತಿನಿಂದ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದಾರೆಂಬುದು ಅವನ ಎದೆಯನ್ನು ಕೊರೆಯುತ್ತಿತ್ತು. ಅವನು ಕೆಟ್ಟವನಲ್ಲ. ಶನಿವಾರದ ಹೊತ್ತಿಗೆ ಸೋತ.

ಸೋಲಿಗೊಂದು ಕಥೆ ಕಟ್ಟಿಕೊಂಡ. ಬಾಣ ಎದೆಗೆ ನಾಟಿದರೂ ರುದ್ರಾಕ್ಷಿಗೆ ತಾಗಿ ವಾರೆಯಾಯಿತು, ಹಿಮಾಲಯದಿಂದಿಳಿದ ಸಾಧುವೊಬ್ಬ ಮೂಲಿಕೆ ಹಿಂಡಿದ, ದಳವಾಯಿ ಕಣ್ಣು ಬಿಟ್ಟ. ಭವಾನಿ ಶೇಂಗಾ ಹೋಳಿಗೆ ಕಟ್ಟಿಕೊಂಡಳು. ಗಂಡ ಹೆಂಡತಿ ಆಟೋ ಹಿಡಿದು, ವಿಶ್ವವಿದ್ಯಾಲಯದ ಹಿಂದೆ ಜಗದಾಂಬ ಮನೆ ಮಾಡಿಕೊಂಡಿದ್ದ ಬಡಾವಣೆಗೆ ಹೋದರು. ದಾರಿಯುದ್ದಕ್ಕೂ ಕಾಂತೇಶ ಸಾಧುವಿನ ಮಾತುಗಳನ್ನು ಬಾಯಿಪಾಠ ಮಾಡಿದ. ಆಟೋದವನು ಇವನಿಗೆ ಜ್ವರವೆಂದುಕೊಂಡು ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿದ. ಭವಾನಿ ಬೈದು ಮುಂದೆ ಹೊರಡಿಸಬೇಕಾಯಿತು.

ಜಗದಾಂಬ ಬಾಗಿಲು ತೆಗೆದರು. ಭವಾನಿಯನ್ನು ಕೂರಿಸಿ ಹೋಳಿಗೆ ತೆಗೆದುಕೊಂಡರು. ಕಾಂತೇಶ ನೀರನ್ನೂ ಮುಟ್ಟದೆ, ನಿಂತಲ್ಲೇ ಶುರು ಮಾಡಿದ.

"ಮೇಡಂ, ನಿಮ್ಮ ದಳವಾಯಿ ಸತ್ತಿಲ್ರಿ."

"ಏನಂದ್ರಿ?"

"ಅಂವಾ ಬದಕ್ಯಾನ್ರಿ. ಹಿಮಾಲಯದಿಂದ ಒಬ್ಬ ಸಾಧು..."

"ಕೂತ್ಕೊಳ್ಳಿ," ಎಂದರು ಜಗದಾಂಬ. ಕಾಂತೇಶ ಕೂತ. ಭವಾನಿಯೂ, ಅವಳು ಮೊದಲೇ ಕೂತಿದ್ದರೂ, ಇನ್ನೊಮ್ಮೆ ಕೂತಂತೆ ಮಾಡಿದಳು.

"ಎಷ್ಟು ಮನೆಯವರ ಮುಂದೆ ನಿಂತು ನಾನು ಆ ಮಾತು ಹೇಳಿದೀನಿ ಗೊತ್ತೇನ್ರಿ ನಿಮಗೆ? ಇಲ್ಲಮ್ಮ, ಉಳೀಲಿಲ್ಲ ಅಂತ. ಒಂದು ಸಲಾನೂ ವಾಪಸ್ ತಗೊಳ್ಳೋ ಭಾಗ್ಯ ನನಗೆ ಸಿಗಲಿಲ್ಲ. ನೀವು ಹೋಳಿಗೆ ಕಟ್ಕೊಂಡು ಬಂದು, ಸತ್ತಿಲ್ಲ ಅಂತೀರಾ?"

ಆಕೆಯ ದನಿ ಏರಿರಲಿಲ್ಲ, ಅದೇ ಹೆದರಿಕೆಯಾಗುವ ಸಂಗತಿ. ಎಲ್ಲರೂ ತನಗೆ ಹೆದರಿ ಹುಲಿಯ ಕೈಲೂ ದಳವಾಯಿಯನ್ನು ಪರಚಿಸುತ್ತಿರಲಿಲ್ಲವೆಂದು ಆಕೆಗೆ ಮೊದಲಿನಿಂದ ಗೊತ್ತಿತ್ತಂತೆ. ಬೇಜಾರಾಗಿ ಆಟ ಬಿಡುವುದರಲ್ಲಿದ್ದರಂತೆ. "ನೀವು ಅವತ್ತು ಸತ್ತ ಅಂದ್ರಲ್ಲ, ಆಗ ನಂಗೆ ಅನ್ಸಿತು, ಇಷ್ಟು ದಿನ ಅವನು ಬದುಕಿದ್ದ ಅಂತ. ಮನೆಗೆ ಬಂದು ಅತ್ತೆ. ನಾಚಿಕೆಯೇನಿಲ್ಲ. ನನ್ನ ಮುಖ ನೋಡಿ ಇಲ್ಲ ಅಂದೋರು ಈ ಊರಲ್ಲಿ ನೀವೊಬ್ರೇ. ಈಗ ಅದನ್ನೂ ಕಸ್ಕೋತೀರಾ?"

ಕಾಂತೇಶನ ಸಾಧು ಹಿಮಾಲಯಕ್ಕೆ ವಾಪಸ್ಸು ಹೋದ. ಹಾಗಾದರೆ ಒಂದು ವಾರ ಯಾಕೆ ಕೊರಗಿದಿರಿ, ಪೂಜೆಗೂ ಬರಲಿಲ್ಲ, ಫೋನೂ ಎತ್ತಲಿಲ್ಲ, ಎಂದು ಭವಾನಿ ಮೆಲ್ಲಗೆ ಕೇಳಿದಳು. ಫೋನು ಎತ್ತಿದರೆ ಕಾಣದ ರುದ್ರಪ್ಪನನ್ನು ಕಂಡವರೆಲ್ಲ ಸಂತಾಪ ಹೇಳುತ್ತಿದ್ದರು ಎಂದು ಆಕೆ ಸಿಡುಕಿದರು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿ, ದೊಡ್ಡ ಡಾಕ್ಟರು ಹೇಳಬಾರದ ಮಾತೊಂದನ್ನು ಹೇಳುವವರಂತೆ ಹೇಳಿದರು.

"ಸತ್ತ, ಸರಿ. ಆಚೆ ದಡದಲ್ಲಿ ಯಾಕ್ರೀ ಕೊಂದ್ರಿ?"

ಕಾಶಿಯಲ್ಲಿ ಮೂರು ದಿನ ಇದ್ದವರಿಗೂ ಈ ನಂಬಿಕೆ ಗೊತ್ತು. ಈಚೆ ದಡದಲ್ಲಿ ಸತ್ತವನಿಗೆ ಮುಕ್ತಿ, ಹುಲ್ಲುಕಡ್ಡಿಗೂ ಮುಕ್ತಿ. ಆಚೆ ದಡದ ಮರಳಲ್ಲಿ ಸತ್ತವನು ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ಟುತ್ತಾನೆ. ಆಚೆ ದಡದಲ್ಲಿ ವಾಸವಿರುವವರೂ ಮೈಗೆ ಹುಷಾರಿಲ್ಲದಾಗ ಈಚೆಗೆ ಬಂದುಬಿಡುತ್ತಾರೆಂದು ಹೇಳುತ್ತಾರೆ. ಸಾವಿರಾರು ಹೆರಿಗೆ ಮಾಡಿಸಿದ ವಿಜ್ಞಾನದ ಹೆಂಗಸು ಇದನ್ನೆಲ್ಲ ನಂಬುತ್ತೇನೆಂದು ಒಪ್ಪಲಿಲ್ಲ. ನಂಬುವುದಿಲ್ಲ, ಆದರೆ ನಮ್ಮ ರುದ್ರಪ್ಪನ ವಿಷಯದಲ್ಲಿ ಯಾಕೆ ಅಪಾಯ ತೆಗೆದು­ಕೊಳ್ಳಬೇಕು, ಅಂದರು.

ಬದುಕಿಸುವುದು ಬೇಡ, ಜಾಗ ಮಾತ್ರ ಸ್ವಲ್ಪ ಸರಿಸಿ ಎಂಬುದು ಆಕೆಯ ಬೇಡಿಕೆ. ಬೆಟ್ಟದಂಥ ಕಷ್ಟ ಬೆಣ್ಣೆಯಂತೆ ಕರಗಿತೆಂದು ಭವಾನಿ ಉಸಿರು ಬಿಟ್ಟಳು. ಅಷ್ಟೇ ತಾನೇ, ಸರಿಸ್ತಾರ ಬಿಡ್ರಿ, ಎಂದೂ ಅಂದಳು. ಆದರೆ ಕಾಂತೇಶನ ಒಳಗೆ ಅಷ್ಟರಲ್ಲಿ ಏನೋ ಆಗಿತ್ತು. ಬೇರೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದ ಮನುಷ್ಯ, ತಲೆಯಾಡಿಸಲಿಕ್ಕೆಂದೇ ಆಟೋ ಹಿಡಿದು ಬಂದ ಮನುಷ್ಯ, ಇಲ್ಲ ಅಂದವರು ನೀವೊಬ್ಬರೇ ಎಂದು ಈಗ ತಾನೇ ಆಕೆಯಿಂದ ಕೇಳಿದ ಮಾತನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟಿದ್ದ.

"ಜಾಗಾ ಬದಲಿ ಆಗೂದಿಲ್ರಿ ಮೇಡಂ," ಅಂದ.

ಮುಂದೆ ನಡೆದದ್ದು ತರಕಾರಿ ಸಂತೆಯ ಚೌಕಾಸಿ. ಜಗದಾಂಬ ಕೇದಾರ ಘಾಟಿನ ಮೆಟ್ಟಿಲಿನಿಂದ ಶುರು ಮಾಡಿದರು. ಗಾಯಗೊಂಡು ಈಜಿ ಬಂದು ಮೆಟ್ಟಿಲ ಮೇಲೆ ಪ್ರಾಣ ಬಿಟ್ಟ ಅನ್ನಿ, ಅಂದರು. ಕಾಂತೇಶ ತಲೆ ಅಡ್ಡ ಆಡಿಸಿದ. ನಡುನೀರಿಗೆ ಬಂದರು, ಗಂಗೆಯ ನೀರೂ ಕಾಶಿಯೇ. ಇಲ್ಲ. ದೋಣಿಯೊಳಗೆ ಬಿದ್ದ ಅನ್ನಿ. ಇಲ್ರಿ, ನಾವಿ ಮರಳಿಗೆ ಹತ್ತಿತ್ತು, ಅಂವಾ ಹಾರಿ ಇಳದಿದ್ದ, ನೀವ ಹೇಳಿದ್ರಿ. ಕೊನೆಗೆ ಆಕೆ, ಒಂದು ಕಾಲಾದರೂ ನೀರಲ್ಲಿರಲಿ, ಒಂದೇ ಕಾಲು, ಅಂದರು. ಬರೇ ಒಂದು ಕಾಲು ರೀ, ಎಂದು ಭವಾನಿ ಗಂಡನ ತೋಳು ಚಿವುಟಿದಳು. ಕಾಂತೇಶ ತೋಳು ಬಿಡಿಸಿಕೊಂಡ.

"ಎರಡೂ ಕಾಲು ಮರಳಾಗ ಇದ್ದುವ್ರಿ," ಅಂದ.

"ಹಂಗಾದ್ರೆ ಕತ್ತೆ?"

"ಕತ್ತೇನರೀ."

ಜಗದಾಂಬ ಎದ್ದು ಬಾಗಿಲು ತೆರೆದು ಹಿಡಿದರು.

ಇಬ್ಬರೂ ಆಟೋ ಹಿಡಿದು ವಾಪಸ್ಸು ಬಂದರು. ಗಲ್ಲಿಯ ಬಾಯಿಗೆ ಇಳಿದ ಮೇಲೆ ಭವಾನಿ, ಮದುವ್ಯಾದಾಗಿಂದ ನೀವು ಒಂದು ಮಾತಿನ ಮ್ಯಾಲೆ ನಿಂತದ್ದು ನಾ ನೋಡಿರ್ಲಿಲ್ಲ, ನಿಲ್ಲೂದಾದ್ರ ಇಂಥಾ ಜಾಗಾದಾಗ ನಿಲ್ಲಬೇಕಿತ್ತೇನು, ಅಂದಳು. ಬೈಗುಳವೇ ಹೌದು. ಆದರೆ ಆ ರಾತ್ರಿ ಉಣ್ಣುವಾಗ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಬಿತ್ತು.

ಭಾನುವಾರ ಭೋಜನಶಾಲೆಯಲ್ಲಿ ಮೂವರು ಕೂತಿದ್ದರು. ಕಾಂತೇಶ ಶಾಲು ಹೊದ್ದಿರಲಿಲ್ಲ. ಮೈತ್ರೇಯಿ ದಾಳವನ್ನು ಸುಮ್ಮನೆ ಕೈಯಲ್ಲಿ ತಿರುವುತ್ತಿದ್ದಳು. ಗುರುಪ್ರಕಾಶರು ಒಂದು ಕಾಲು ನೀರಲ್ಲಿರುವ ಬಗ್ಗೆ ಹಿಂದಿನ ತೀರ್ಪುಗಳೇನಾದರೂ ಇವೆಯೇ ಎಂದು ಯೋಚಿಸುತ್ತಿದ್ದರು. ಯಾರೂ ಚಹಾ ಮುಟ್ಟಲಿಲ್ಲ. ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು.

ಜಗದಾಂಬ ಬಂದು ತಮ್ಮ ಜಾಗದಲ್ಲಿ ಕೂತರು, ಸುಧಾರಿಸಿಕೊಂಡರು, ಯಾರ ಮುಖವನ್ನೂ ನೋಡದೆ ತಮ್ಮ ಹೊಸ ಪಾತ್ರವನ್ನು ಸಭೆಗೆ ಒಪ್ಪಿಸಿದರು. ಘಾಟಿನ ಅಗಸರ ಕತ್ತೆ. ಗಂಡು. ಬೂದು ಬಣ್ಣ. ಎಡಗಿವಿ ಸ್ವಲ್ಪ ಹರಿದಿದೆ.

ಹೋದ ಜನ್ಮದ್ದು ಇದಕ್ಕೆ ನೆನಪಿರುತ್ತದೆಯೇ ಎಂದು ಆಕೆ ಯಜಮಾನರನ್ನು ಕೇಳಿದರು. ಇರೂದಿಲ್ರಿ, ಎಂದ ಕಾಂತೇಶ. ಸಾರನಾಥಕ್ಕೆ ಹೋಗಿ ಯಾರನ್ನಾದರೂ ಕೇಳಿ, ಜಾತಕ ಕಥೆಗಳಲ್ಲಿ ಹಿಂದಿನ ಜನ್ಮ ನೆನಪಿಟ್ಟುಕೊಂಡ ಪ್ರಾಣಿಗಳು ಬೇಕಾದಷ್ಟಿವೆ ಎಂದು ಗುರುಪ್ರಕಾಶರು ಆಕ್ಷೇಪ ಎತ್ತಿದರು. ಯಜಮಾನ ಆಕ್ಷೇಪ ತಳ್ಳಿಹಾಕಿದ. ಮಾತಾಡಬಹುದೇ, ಎಂದು ಆಕೆ ಕೇಳಿದರು. ಕಾಂತೇಶ ಒಂದು ಗಳಿಗೆ ತಡೆದು, ಕತ್ತೆಗೆ ಮಾತು ಬರೂದಿಲ್ರಿ, ಒದೀಬಹುದು, ಅಂದ. ಜಗದಾಂಬ ತಲೆಯಾಡಿಸಿದರು. ಆ ಕ್ಷಣದಿಂದ ಆಕೆ ಬಾಯಿ ಮುಚ್ಚಿದರು. ಹತ್ತು ನಿಮಿಷ ಸುಮ್ಮನೆ ಕೂತ ದಾಖಲೆಯಿಲ್ಲದ ಹೆಂಗಸು ಇಡೀ ಮಧ್ಯಾಹ್ನ ಆಟದಲ್ಲಿ ಬಟ್ಟೆಯ ಮೂಟೆ ಹೊತ್ತುಕೊಂಡು ಉಳಿದಿಬ್ಬರ ಹಿಂದೆ ನಡೆದರು. ಒಮ್ಮೆ ಬೇಲಿಯ ಪಕ್ಕ ಹುಲ್ಲು ತಿನ್ನಲು ನಿಂತಾಗ ಅವರ ಮುಖದಲ್ಲಿ ಸಂತೋಷವಿದ್ದದ್ದನ್ನು ಕಾಂತೇಶ ನೋಡಿದ.

ಸಂಜೆಯಾಗುವಾಗ ಡಕಾಯಿತರ ಸರದಾರ ಗಲ್ಲಿಯಲ್ಲಿ ಸಿಕ್ಕಿಬಿದ್ದ. ಕಳ್ಳ ಅವನನ್ನು ಹಿಂದಿನಿಂದ ತಬ್ಬಿ ಹಿಡಿದ. ಜಗದಾಂಬ ಒಂದು ಮಾತಿಲ್ಲದೆ ಮೇಜಿನ ಮೇಲಿನ ದಾಳ ತೆಗೆದುಕೊಂಡರು. ಕತ್ತೆ ಒದೆಯುತ್ತದೆಂದು ಎಲ್ಲರಿಗೂ ತಿಳಿಯಿತು. ದಾಳ ಉರುಳಿ ಚಹಾದ ಲೋಟಕ್ಕೆ ಬಡಿದು ನಿಂತಿತು. ಅತ್ತ ದೊಡ್ಡದೂ ಅಲ್ಲದ, ಇತ್ತ ಸಣ್ಣದೂ ಅಲ್ಲದ ನಡುವಿನ ಅಂಕಿ. ಇಂಥ ಅಂಕಿ ಬಿದ್ದಾಗ ನಿಯಮಗಳು ಕೈ ಚೆಲ್ಲಿ ಯಜಮಾನನ ಕಡೆ ನೋಡುತ್ತವೆ. ಇಷ್ಟು ವರ್ಷ ಕಾಶಿಗೆಲ್ಲ ಏನಾಯಿತೆಂದು ತಾವೇ ಹೇಳುತ್ತ ಬಂದ ಡಾಕ್ಟರಮ್ಮನೂ ತಲೆಯೆತ್ತಿ ಯಾತ್ರಿನಿವಾಸದ ಮ್ಯಾನೇಜರನ ಬಾಯಿ ನೋಡುತ್ತ ಕೂತರು.

ಕಾಂತೇಶ ಅವಸರ ಮಾಡಲಿಲ್ಲ. ಆರಿಹೋದ ಚಹಾ ಒಂದು ಗುಟುಕು ಕುಡಿದ.

"ಒದಿ ಬಿತ್ತು," ಅಂದ. "ಸರದಾರ ಬಗ್ಗಿದ. ಬಿದ್ದದ್ದು ಕಳ್ಳನ ಮೊಣಕಾಲಿಗೆ."

ಗುರುಪ್ರಕಾಶರು ಮೇಲ್ಮನವಿಗೆ ಬಾಯಿ ತೆರೆದರು. ಕತ್ತೆ ಅವರ ಕಡೆ ತಿರುಗಿ, ಕನ್ನಡಕದ ಮೇಲಿನಿಂದ, ಸುಮ್ಮನೆ ನೋಡಿತು. ಅವರು ತೆರೆದ ಬಾಯಿ ಮುಚ್ಚಿಕೊಂಡು, ಪೆನ್ನು ತೆಗೆದು, ತಮ್ಮ ಕಳ್ಳನ ಬಲಗಾಲು ಮುರಿದದ್ದನ್ನು ಬರೆದುಕೊಂಡರು.